ಆಣಿ ಎಂದವರು

ಮೊನ್ನೆ ಶಿರಸಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವರು ಕರವಸ್ತ್ರ ಬಿಡಿಸಿದರು. ಘಾಟು ಸೆಂಟು. ಸಿದ್ದಾಪುರದ ನಮ್ಮ ಡಾಕ್ಟರ ಕೋಣೆಯೂ ಹೀಗೇ ನಾರುತ್ತಿತ್ತು... ರೋಗಿಗಳ ವಾಸನೆ ತಮಗೆ ತಾಗದಿರಲೆಂದು ಅವರು ಕರವಸ್ತ್ರವನ್ನು ಮೂಗಿನ ಹತ್ತಿರವೇ ಹಿಡಿದು ಕೂರುತ್ತಿದ್ದರು. ಜನ ಅದನ್ನೂ ದೊಡ್ಡಸ್ತಿಕೆ ಅಂತಲೇ ತಿಳಿದಿದ್ದರು.

ನನ್ನ ಅಕ್ಕ ಕೋಲಸಿರ್ಸಿಯಿಂದ ದಿನಾ ಪೇಟೆಗೆ ಬಂದು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಅವಳ ಹಿಮ್ಮಡಿಯಲ್ಲೊಂದು ಕಪ್ಪು ಮಚ್ಚೆ ಎದ್ದಿತ್ತು. ಮೊದಲು ಮೆಣಸಿನ ಕಾಳಿನಷ್ಟಿದ್ದದ್ದು ಅಡ್ಡಾದಿಡ್ಡಿ ಹರಡಿ, ಒಂದು ಬದಿ ನೀಲಿಗಟ್ಟಿತ್ತು. ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ತೋರಿಸಲೆಂದು ಅಕ್ಕ ಕಾಲನ್ನು ಸ್ಟೂಲಿನ ಮೇಲಿಟ್ಟಳು.

"ಕಾಲು ಕೆಳಗಿಡಮ್ಮ. ಇಲ್ಲಿಂದಲೇ ಗೊತ್ತಾಗ್ತದೆ. ಚಪ್ಪಲಿ ಒತ್ತಿ ಆದ ಆಣಿ," ಎಂದರು ಡಾಕ್ಟರು, ಮೇಜಿನ ಆಚೆಯಿಂದ.

"ನೋವೇ ಇಲ್ಲ ಡಾಕ್ಟ್ರೇ. ಆದರೆ ದೊಡ್ಡದಾಗ್ತಾ ಇದೆ," ಎಂದಳು ಅಕ್ಕ.

"ಆಣಿ ಮತ್ತೆ ಸಣ್ಣದಾಗ್ತದಾ?"

ತಮ್ಮ ಮಾತಿಗೆ ತಾವೇ ನಕ್ಕರು. ಕಂಪೌಂಡರನೂ ನಕ್ಕ. ಆಮೇಲೆ ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡರು. ಏನನ್ನು ಮುಟ್ಟಿದ್ದಕ್ಕೋ!

ಹೊರಗೆ ಬಂದು ಅಕ್ಕ ಮೆಲ್ಲಗೆ, "ಡಾಕ್ಟ್ರು ಸರಿ ನೋಡಿದ್ದೇ ಇಲ್ಲೆ," ಎಂದಳು. ಆದರೂ ಅವರು ಕೊಟ್ಟ ಆಣಿಪಟ್ಟಿ ಅಂಟಿಸಿಕೊಂಡಳು. ಮಳೆಗಾಲ ಮುಗಿಯುವಾಗ ಮಚ್ಚೆ ಒಡೆದು ನೀರು ಸೋರತೊಡಗಿತು. ಮತ್ತೆ ಹೋದೆವು. ಈ ಸಲ ಅವರು ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿಕೊಂಡು, ಚಪ್ಪಲಿ ಬದಲಿಸಲು ಹೇಳಿದರು. ಓದಿದ್ದನ್ನೆಲ್ಲ ಇಸ್ತ್ರಿ ಅಂಗಿಗೇ ಖರ್ಚು ಮಾಡಿದ ಮನುಷ್ಯ.

ಕೊನೆಗೆ ಶಿರಸಿಯಲ್ಲಿ ಸಣ್ಣ ಪ್ರಾಯದ ಡಾಕ್ಟರಮ್ಮ ಒಬ್ಬರು ಅಕ್ಕನ ಪಾದವನ್ನು ತಮ್ಮ ಮೊಣಕಾಲ ಮೇಲೇ ಇಟ್ಟುಕೊಂಡು ಟಾರ್ಚು ಬಿಟ್ಟು ನೋಡಿದರು. ತೊಡೆಸಂದಿಯನ್ನೂ ಒತ್ತಿದರು. ಅಲ್ಲಿ ಗಂಟು ಸಿಕ್ಕಿತು.

"ಇದು ಆಣಿ ಅಲ್ಲ. ನಾಳೆಯೇ ಹುಬ್ಬಳ್ಳಿಗೆ ಹೋಗಿ," ಎಂದರು.

ಹುಬ್ಬಳ್ಳಿಯಲ್ಲಿ ತುಣುಕು ತೆಗೆದು ಪರೀಕ್ಷೆ ಮಾಡಿದರು. ಚರ್ಮದ ಕ್ಯಾನ್ಸರ್. ಆಪರೇಷನ್ನೂ ಆಯಿತು. ಆದರೆ ಅಷ್ಟರಲ್ಲಿ ಅದು ಒಳಗೆಲ್ಲ ಹರಡಿತ್ತು... ಮುಂದಿನ ಮಳೆಗಾಲಕ್ಕೆ ಅಕ್ಕ ಇರಲಿಲ್ಲ.

ಹದಿಮೂರನೇ ದಿನದ ಊಟಕ್ಕೆ ಸಿದ್ದಾಪುರದ ಅದೇ ಡಾಕ್ಟರು ಬಂದರು. ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತ, "ಛೇ, ಮೊದಲೇ ಯಾರಿಗಾದರೂ ತೋರಿಸಬೇಕಿತ್ತು," ಎಂದರು.

"ನಿಮಗೇ ತೋರಿಸಿದ್ದು," ಎಂದೆ.

"ಹೌದಾ?"

ನಾಟಕವಲ್ಲ, ನಿಜವಾಗಿಯೂ ನೆನಪಿರಲಿಲ್ಲ. ನನ್ನ ಮುಖ ನೋಡಿದರು, ಎಲೆ ನೋಡಿದರು, ಪಾಯಸ ಮುಗಿಸಿದರು.

ಹೋದ ತಿಂಗಳು ಅವರೂ ತೀರಿಕೊಂಡರು. ಪೇಟೆಯಲ್ಲಿ ಸಂತಾಪ ಸಭೆ ಮಾಡಿದರು. ಒಳ್ಳೆಯ ಕೈಗುಣವಿತ್ತಂತೆ! ನನಗೂ ಬರಲು ಹೇಳಿಕೆ ಬಂದಿತ್ತು. ಅಕ್ಕ ಇದ್ದಿದ್ದರೆ, "ಹೋಗಿ ಬಾರೇ ತಂಗಿ, ಸತ್ತವರ ಮೇಲೆ ಎಂತ ಸಿಟ್ಟು," ಎಂದು ನನ್ನನ್ನು ಕಳಿಸಿಯೇ ಬಿಡುತ್ತಿದ್ದಳು.

ಅಕ್ಕ ಇಲ್ಲ. ನಾನು ಹೋಗಲಿಲ್ಲ.