ಅಂಚಿಲ್ಲದ ಕಂಬಳಿ

ನಾನು ಓದು ಬಿಟ್ಟಿದ್ದು 1991ರಲ್ಲಿ, ಏಳನೇ ಕ್ಲಾಸಿಗೆ. ಇವತ್ತಿಗೂ ಹುಣಸೆಬೀಜದ ಗಂಜಿ ಕುದಿಯುವ ವಾಸನೆ ಬಂದರೆ ಜವನಗೊಂಡನಹಳ್ಳಿ ಹತ್ತಿರದ ನಮ್ಮ ಹಳೇ ಮನೆ ಕಣ್ಣೆದುರು ನಿಲ್ಲುತ್ತದೆ. ಕಂಬಳಿ ನೂಲಿಗೆ ಹಚ್ಚುವ ಆ ಗಂಜಿಯಲ್ಲೇ ಅಜ್ಜಿ ನನ್ನ ಪುಸ್ತಕಗಳಿಗೆ ಬೈಂಡ್ ಅಂಟಿಸುತ್ತಿದ್ದಳು. ಹಿರಿಯೂರಿನ ರದ್ದಿ ಅಂಗಡಿಯಿಂದ ತಂದ ರಷ್ಯಾ ಪತ್ರಿಕೆಯ ನುಣುಪು ಹಾಳೆಗಳು ಅವು. ಒಂದರಲ್ಲಿ ಬಿಳಿ ರವಿಕೆಯ ಹುಡುಗಿ, ತೋಳಿನ ತುಂಬ ಕೆಂಪು ಕಪ್ಪು ಕಸೂತಿ.

"ಯಾವೂರಿನ ಕಸೂತಿಲೇ ಇದು?"

"ರಷ್ಯಾದ್ದು, ಅಜ್ಜಿ."

"ಅಷ್ಟು ದೊಡ್ಡ ದೇಶಕ್ಕೆಲ್ಲ ಒಂದೇ ಕಸೂತಿ ಇರ್ತೈತೇನೋ ದಡ್ಡ? ಇದಕ್ಕೊಂದು ಊರೈತೆ."

ಅಜ್ಜಿ ಹಾಗೆ ಅನ್ನಲು ಕಾರಣವಿತ್ತು. ನಮ್ಮಲ್ಲಿ ಕಂಬಳಿಯ ಅಂಚು ನೋಡಿಯೇ ಯಾರ ಮನೆಯದೆಂದು ಹೇಳುತ್ತಿದ್ದರು. ನಮ್ಮದು ಎರಡು ಬಿಳಿ ಗೆರೆ, ನಡುವೆ ಒಂದು ಕಂದು. ಅಜ್ಜ ತೀರಿಹೋಗಿ ಮಗ್ಗ ಖಾಲಿಯಾದಾಗ ಅಪ್ಪ ಕುರಿ ಹಿಂದೆ ಹೋದ, ನಾನು ಶಾಲೆ ಬಿಟ್ಟು, ಕಾಲು ಇಳಿಬಿಟ್ಟು ಕೂತು ನೆಯ್ಯುವ ಮಗ್ಗದ ಗುಂಡಿಗೆ ಇಳಿದೆ. ಅಜ್ಜಿ ಆ ಹಾಳೆಯನ್ನು ಪುಸ್ತಕದಿಂದ ಬಿಡಿಸಿ ನನ್ನೆದುರಿನ ಗೋಡೆಗೆ ಅಂಟಿಸಿದಳು. ಅದೇ ವರ್ಷ ಆ ದೇಶ ಒಡೆಯಿತೆಂದು ರೇಡಿಯೋದಲ್ಲಿ ಬಂತು. "ಹಿಸ್ಸೆ ಆತೇನು? ಒಳ್ಳೇದಾತು ಬಿಡು, ಇನ್ನ ಅವರವರ ಮನಿ ಅವರವರಿಗೆ," ಅಂತ ನಕ್ಕಳು.

ನಾಲ್ಕು ವರ್ಷಕ್ಕೆ ನನ್ನ ಕೈ ಪಳಗಿತು, ತಲೆಯೂ ತಿರುಗಿತು. ಹಿರಿಯೂರಿನ ವ್ಯಾಪಾರಿಯೊಬ್ಬ, "ಅಂಚು ಗಿಂಚು ಬ್ಯಾಡಪ್ಪ, ಎಲ್ಲಾರ್ದೂ ಒಂದೇ ಥರ ಇರ್ಲಿ, ದೊಡ್ಡಂಗಡೀಲಿ ಒಂದೇ ಹೆಸರಲ್ಲಿ ಹೋಗ್ತವೆ," ಅಂದ. ಅಜ್ಜಿಗೆ ಹೇಳದೆ ಹಾಗೇ ನೆಯ್ದೆ. ಸಂತೆಯಲ್ಲಿ ಆ ವ್ಯಾಪಾರಿ ಎಲ್ಲರಿಂದ ಕೊಂಡು ಒಟ್ಟಿದ ಕಂಬಳಿ ರಾಶಿಯ ಪಕ್ಕ ಕೂತ ಅಜ್ಜಿ ನಾನು ನೆಯ್ದ ಒಂದನ್ನೇ ಎತ್ತಿ, ಮಂಜಾದ ಕಣ್ಣಿಗೆ ಹಿಡಿದು, ಹೆಬ್ಬೆರಳಿನಲ್ಲಿ ಅಂಚು ತಡವಿದಳು. "ನೇಯ್ಗೆ ಗಟ್ಟಿ ಐತೆ. ಯಾರ ಮನೇದಪ್ಪ ಇದು?" ನಾನು, "ಗೊತ್ತಿಲ್ಲಜ್ಜಿ," ಅಂದೆ. ಮುಂದಿನ ಸುಗ್ಗಿಯ ಹೊತ್ತಿಗೆ ಅವಳಿರಲಿಲ್ಲ.

2006ರಲ್ಲಿರಬೇಕು, ಉಕ್ರೇನಿನಲ್ಲಿ ಡಾಕ್ಟರಿಕೆ ಓದಿ ಬಂದ ಪಕ್ಕದ ಮನೆ ಹುಡುಗ ಗೋಡೆಯ ಹಾಳೆ ನೋಡಿ ನಿಂತ. "ಅಣ್ಣಾ, ಇವಳು ರಷ್ಯಾದವಳಲ್ಲ. ಇದು ಉಕ್ರೇನಿನವರ ಕಸೂತಿ. ರಷ್ಯಾದೋರು ಅಂದುಬಿಟ್ರೆ ಅಲ್ಲಿ ಎಷ್ಟೋ ಜನ ಸಿಟ್ಟಾಗ್ತಾರೆ. ಎಷ್ಟೋ ಕಾಲ ಇನ್ನೊಬ್ಬರ ಹೆಸರಲ್ಲಿ ಬದುಕಿದೋರು ಅವರು. ಈಗ ಹಬ್ಬಕ್ಕೆ ಇದನ್ನ ಹಾಕ್ಕೊಂಡು ಮೆರೀತಾರೆ."

ಅವನು ಹೋದ ಮೇಲೆ ಅಜ್ಜ ನೆಯ್ದಿದ್ದ ಕಂಬಳಿಯ ಮಡಿಕೆ ಬಿಡಿಸಿ, ಅಂಚಿನ ಗೆರೆಯ ಎಳೆಗಳನ್ನು ಎಣಿಸಿಕೊಂಡು ಗುಂಡಿಗೆ ಇಳಿದೆ.

ಆ ಮನೆ ಈಗಿಲ್ಲ. ಇರುವುದು ಒಂದು ಮಗ್ಗ, ಮೂವತ್ತೊಂದು ಕುರಿ, ಹೊಗೆ ಹಿಡಿದ ಆ ಹಾಳೆ, ಅಜ್ಜ ನೆಯ್ದ ಒಂದು ಕಂಬಳಿ, ನಾನು ನೆಯ್ದ ಆರು. ಏಳಕ್ಕೂ ಅಂಚು ಐತೆ.