ಬಿಡಿ ಎಣ್ಣೆ

ರಾಮಾಪುರದಲ್ಲಿ ಚನ್ನಾಜಮ್ಮನಿಗೆ ಹೆದರದ ಕುಡುಕನಿಲ್ಲ. ಗಂಡ ಕುಡಿದೇ ಸತ್ತ ಮೇಲೆ, ಪೆಟ್ಟಿಗೆ ಅಂಗಡಿಗಳಲ್ಲಿ ಲೋಟದ ಲೆಕ್ಕಕ್ಕೆ ಬಿಡಿಯಾಗಿ ಎಣ್ಣೆ ಮಾರುವವರ ಮೇಲೆ ಅವಳು ಹಾರಾಡದ ದಿನವಿರಲಿಲ್ಲ. ನಮ್ಮ ಕಡೆ ಎಣ್ಣೆ ಎಂದರೆ ಮೊದಲು ಬ್ರಾಂದಿ, ಒಗ್ಗರಣೆ ಎಣ್ಣೆ ಆಮೇಲೆ. ಮಕ್ಕಳಿಲ್ಲದ ಅವಳಿಗೆ ಆಪ್ತಳೆಂದು ಇದ್ದವಳು ಗಾಣದ ಚಿಕ್ಕನಿಂಗಮ್ಮ ಒಬ್ಬಳೇ. ಚಿಕ್ಕನಿಂಗಮ್ಮ ಹುಚ್ಚೆಳ್ಳು, ಕಡಲೆಕಾಯಿ ಗಾಣಕ್ಕೆ ಹಾಕಿ, ಜನ ತಂದ ಬಾಟಲಿಗೆ ಎಣ್ಣೆ ಅಳೆದು ಕೊಡುತ್ತಿದ್ದಳು. ಸಂಜೆಯಾದರೆ ಇಬ್ಬರೂ ಜಗಲಿಯಲ್ಲಿ ಕೂತು ಎಲೆಅಡಿಕೆ ಜಗಿಯುತ್ತ ಊರನ್ನೆಲ್ಲ ಜಾಲಾಡುತ್ತಿದ್ದರು.

ಹೋದ ವರ್ಷ ಪ್ಯಾಕೆಟ್ ಎಣ್ಣೆ ಕಂಪನಿಗಳ ಸಂಘದವರು ಕೊಳ್ಳೇಗಾಲದಿಂದ ವ್ಯಾನಿನಲ್ಲಿ ಬಂದರು. ಬಿಡಿ ಎಣ್ಣೆ ಮಾರಾಟ ನಿಲ್ಲಿಸಿ ಎಂದು ಸರ್ಕಾರದ ಬೆನ್ನು ಬೀಳುವುದೇ ಆ ಸಂಘದ ಕಸುಬು. ಹಳ್ಳಿಯ ಹೆಂಗಸರೇ ಇದನ್ನು ಕೇಳುತ್ತಿದ್ದಾರೆ ಎಂದು ತೋರಿಸಲು ಅವರಿಗೊಂದು ವಿಡಿಯೊ ಬೇಕಿತ್ತು. ಉದಯಕುಮಾರ್ ಎಂಬ ನಯವಂತ ಬಸ್‌ಸ್ಟಾಂಡಿನಲ್ಲಿ ಮೈಕ್ ಹಿಡಿದು, "ತಾಯಂದಿರೇ, ಬಿಡಿ ಎಣ್ಣೆ ಸಂಸಾರಕ್ಕೆ ವಿಷ, ಹೌದೋ ಅಲ್ಲವೋ?" ಎಂದ.

ಚನ್ನಾಜಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಊ ಕಣ್ ಸಾ! ನನ್ ಗಂಡುನ್ನ ತಿಂದಿದ್ದೇ ಅದು. ಬಿಡಿ ಎಣ್ಣೆ ಮಾರೋರ ಬಾಗ್ಲಿಗೆ ಬೀಗ ಜಡೀರಿ!"

ಅವನು ಕೇಳಿದ್ದು ಅಡುಗೆ ಎಣ್ಣೆ, ಅವಳು ಹೇಳಿದ್ದು ಬ್ರಾಂದಿ. ಅವನಿಗೆ ಅದು ತಿಳಿದಿತ್ತು ಎಂದೇ ನನ್ನ ನಂಬಿಕೆ. ಕಳ್ಳನನ್ಮಗ, "ಇನ್ನೊಂದ್ಸಲ ಜೋರಾಗಿ ಹೇಳಿ ಅಮ್ಮ" ಎಂದ. ಹೇಳಿದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ವಿಡಿಯೊ ಮೇಲಿನವರ ತನಕ ಹೋಯಿತಂತೆ. ಸ್ವಲ್ಪ ದಿನಕ್ಕೇ ಅಧಿಕಾರಿಗಳು ಬಂದರು. ಪೆಟ್ಟಿಗೆ ಅಂಗಡಿಗಳ ಕಡೆ ತಿರುಗಿಯೂ ನೋಡದೆ ನೇರ ಗಾಣಕ್ಕೆ ಹೋಗಿ, ಪ್ಯಾಕ್ ಮಾಡದ ಎಣ್ಣೆ ಮಾರಬಾರದು ಎಂದು ಬೀಗ ಹಾಕಿಸಿದರು. ಅದೇ ವಿಡಿಯೊ ಚಿಕ್ಕನಿಂಗಮ್ಮನ ಮೊಬೈಲಿಗೂ ಬಂತು.

ಚನ್ನಾಜಮ್ಮ ಓಡಿಹೋಗಿ ಅವಳ ಕೈ ಹಿಡಿದು ಅತ್ತಳು. "ನಾ ಏಳಿದ್ದು ಕುಡಿಯೋ ಎಣ್ಣೆ ಕಣಕ್ಕ. ಮಾದಪ್ಪನಾಣೆಗೂ."

"ಗೊತ್ತು ಕಣವ್ವ. ನೀ ಬೇಕಂತ ಅಂದಿಲ್ಲ." ಚಿಕ್ಕನಿಂಗಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡಳು. "ಆದ್ರೂ ನಿನ್ ದನಿ ಕೇಳುದ್ರೆ ಅದೇ ಗ್ಯಾಪಕ ಬತ್ತದೆ. ಇನ್ ಬರಬ್ಯಾಡ."

ಗಂಡ ಸತ್ತಾಗಲೂ ಚನ್ನಾಜಮ್ಮನಿಗೆ ಒಂಟಿ ಎನ್ನಿಸಿರಲಿಲ್ಲ, ಈಗ ಎನ್ನಿಸುತ್ತದೆ. ಮೊನ್ನೆ ಸಂತೆಯಿಂದ ಬರುವಾಗ ಓಣಿಯಲ್ಲಿ ಚಿಕ್ಕನಿಂಗಮ್ಮ ಎದುರಾದಳು. ಅಕ್ಕ ಎಂದು ಕರೆಯಲು ಬಾಯಿ ತೆರೆದ ಚನ್ನಾಜಮ್ಮ, ತನ್ನ ದನಿ ಅವಳ ಕಿವಿಗೆ ಬೀಳದಿರಲೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ದಾರಿ ಬಿಟ್ಟು ನಿಂತಳು.