ಹೊಟ್ಟೆ ನೋಡದೆ ಹೆಸರಿಟ್ಟವನು

ಅರಸೀಕೆರೆಯಲ್ಲಿ ಇಂದ್ರೇಶ ಅಂದರೆ ಎರಡು ಬಗೆಯ ಜನ ಗುರುತು ಹೇಳುತ್ತಾರೆ. ಕೊಬ್ಬರಿ ಮಂಡಿಯವರು, ‘ಮರುಳಪ್ಪನವರ ಮಗ ತಾನೆ? ತೂಕದಲ್ಲಿ ಮೋಸ ಇಲ್ಲ ಬಿಡಿ’ ಅನ್ನುತ್ತಾರೆ. ಜೇಡ ಸಾಕುವವರು ‘ಅಣ್ಣ’ ಎಂದು ಕೈ ಮುಗಿಯುತ್ತಾರೆ. ನಾನು ಪತ್ರಿಕೆಯವನು, ಎರಡೂ ಗುಂಪಿಗೆ ಸೇರಿದವನಲ್ಲ. ನನಗೆ ಅವನ ಮೇಲೆ ಸಿಟ್ಟಿದೆ. ಕಣಕಟ್ಟೆ ಹತ್ತಿರ ರಾಗಿ ಹೊಲದ ಬದುವಿನ ಮೇಲೆ ಮಾದಮ್ಮ ಎಂಬ ಹೆಂಗಸಿನ ಹುಣಸೆಮರವೊಂದಿದೆ. ಆ ಮರ ಉಳಿದೀತೋ ಹೋದೀತೋ ಅನ್ನುವ ಸ್ಥಿತಿ ಬಂದದ್ದು ಗಾಳಿಯಿಂದಲ್ಲ, ಸಿಡಿಲಿನಿಂದಲ್ಲ. ಇಂದ್ರೇಶ ಒಂದು ಜೇಡಕ್ಕೆ ಇಟ್ಟ ತಪ್ಪು ಹೆಸರಿನಿಂದ.

ಜೇಡ ಸಾಕುವುದು ಎಂದರೆ ನಗಬೇಡಿ. ಅಂಗೈ ಅಗಲದ, ಮೈತುಂಬ ರೋಮವಿರುವ ಟರಾಂಟುಲಾ ಜೇಡಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಜಿರಲೆ ಹಾಕಿ, ಅವು ಪೊರೆ ಕಳಚಿದ ದಿನ ಮನೆಯ ಕೂಸಿಗೆ ಹಲ್ಲು ಬಂದಂತೆ ಸಂಭ್ರಮಪಡುವ ಜನ ಬೇಲೂರಿನಲ್ಲಿದ್ದಾರೆ, ಅರೇಹಳ್ಳಿಯಲ್ಲಿದ್ದಾರೆ, ಬೆಂಗಳೂರಿನಲ್ಲಂತೂ ಬೇಕಾದಷ್ಟಿದ್ದಾರೆ. ಮರದಿಂದ ಹಿಡಿದು ತರುವುದು ಕಾನೂನು ಒಪ್ಪುವ ಕೆಲಸವಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತು. ಆದ್ದರಿಂದಲೇ ಅವರದೊಂದು ಗುಟ್ಟಿನ ವಾಟ್ಸಾಪ್ ಗುಂಪು. ಯಾರೋ ಫೋಟೋ ಹಾಕುತ್ತಾರೆ, ಇದು ಯಾವ ಜಾತಿ ಅಣ್ಣ ಅನ್ನುತ್ತಾರೆ. ಇಂದ್ರೇಶ ಹೆಸರು ಹೇಳುತ್ತಾನೆ. ಆ ಹೆಸರೇ ಡಬ್ಬಿಯ ಮೇಲಿನ ಚೀಟಿಗೆ ಹೋಗುತ್ತದೆ, ಒಂದು ಡಬ್ಬಿಯಿಂದ ನೂರು ಡಬ್ಬಿಗೆ ಹರಡುತ್ತದೆ. ಆಮೇಲೆ ಯಾರೂ ಕೇಳುವುದಿಲ್ಲ.

ಅವನಿಗೆ ವಿದ್ಯೆ ಇಲ್ಲವೆಂದು ನಾನು ಹೇಳುವುದಿಲ್ಲ. ಅವನ ಮನೆಯ ಅಟ್ಟದ ಮೇಲೆ ತೆಂಗಿನಕಾಯಿ ರಾಶಿ ಹಾಕಿ, ಒಳಗೇ ಒಣಗಿ ಉಂಡೆ ಕೊಬ್ಬರಿಯಾಗಲಿ ಎಂದು ವರ್ಷಗಟ್ಟಲೆ ಮುಟ್ಟದೆ ಬಿಡುತ್ತಾರೆ. ಬೆಚ್ಚಗೆ, ಕತ್ತಲೆ, ಯಾರೂ ಹತ್ತುವುದಿಲ್ಲ. ಜೇಡ ಬಚ್ಚಿಡಲು ಅದಕ್ಕಿಂತ ಒಳ್ಳೆ ಜಾಗ ಸಿಗದು. ಅಲ್ಲಿ ಕೂತು, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಇಂಗ್ಲಿಷ್ ಪುಸ್ತಕಗಳನ್ನು ಒಂದೊಂದೇ ಸಾಲು ಬಿಡಿಸಿಕೊಂಡು ಓದಿದ. ಮರದ ಪೊಟರೆಯಲ್ಲಿ ಬದುಕುವ ಈ ಬೂದು ಜೇಡಗಳು ಮೇಲಿಂದ ನೋಡಿದರೆ ಹೆಚ್ಚುಕಡಿಮೆ ಒಂದೇ ಥರ, ಕಾಲಿನ ಅಡಿ, ಹೊಟ್ಟೆಯ ಅಡಿ ನೋಡಿದರೇ ಜಾತಿ ತಿಳಿಯುವುದು ಎಂದು ಈ ಗುಂಪಿಗೆ ಕಲಿಸಿದವನೇ ಅವನು. ‘ಬೆನ್ನಿನ ಫೋಟೋ ಹಾಕ್ಬೇಡ ಕಣೋ, ಹೊಟ್ಟೆ ತೋರ್ಸು’ ಎಂದು ಮೊದಮೊದಲು ಗದರುತ್ತಿದ್ದ.

ಆಮೇಲೆ ಹೊಗಳಿಕೆ ತಲೆಗೇರಿತು. ಟೀ ಕುಡಿಯುತ್ತ, ಗಿರಾಕಿಗೆ ಚಿಲ್ಲರೆ ಕೊಡುತ್ತ ಹೆಸರು ಹೇಳತೊಡಗಿದ. ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಆ ಗುಂಪಿನಲ್ಲಿ ಯಾರೂ ಕೇಳಿಲ್ಲ.

ಹೋದ ವರ್ಷ ಕಣಕಟ್ಟೆಯಲ್ಲಿ ತೆಂಗಿನ ತೋಟ ನೋಡಿಕೊಂಡು ಬರುವಾಗ ಬಿಸಿಲಿಗೆ ಮಾದಮ್ಮನವರ ಹುಣಸೆಮರದ ಕೆಳಗೆ ಕೂತ. ದೊಡ್ಡ ಕೊಂಬೆಯ ಬುಡದಲ್ಲೊಂದು ಪೊಟರೆ. ಅದರ ಬಾಯಲ್ಲಿ ಬೂದು ಬಣ್ಣದ ಜೇಡ. ಬೆನ್ನಿನ ಫೋಟೋ ತೆಗೆದ. ತಮಿಳುನಾಡಿನ ರಾಮೇಶ್ವರದ ಸುತ್ತಮುತ್ತ ಹುಣಸೆ ತೋಪುಗಳಲ್ಲಿ ಇಂಥದೇ ಒಂದು ಅಪರೂಪದ ಜಾತಿ ಇದೆಯೆಂದು ಓದಿದ್ದ. ಇದೂ ಹುಣಸೆ, ಅದೂ ಹುಣಸೆ. ಅಷ್ಟೇ ಸಾಕಾಯಿತು. ಅಲ್ಲೇ ಕೂತು ಫೋಟೋ ಹಾಕಿದ: ‘ರಾಮೇಶ್ವರದ ಜಾತಿ, ನಮ್ಮ ಕಣಕಟ್ಟೆಯಲ್ಲಿ!’

ಮಾದಮ್ಮನವರಿಗೂ ಹೇಳಿದನಂತೆ, ‘ನಿಮ್ಮ ಮರಕ್ಕೆ ದೊಡ್ಡ ಹೆಸರು ಬರುತ್ತಮ್ಮ.’ ಅವರು, ‘ಹೆಸ್ರು ಕಟ್ಕೊಂಡು ಏನ್ ಮಾಡಾನ ಸಾವ್ಕಾರ್ರೇ, ಕಾಯಿ ಬಂದ್ರೆ ಸಾಕು’ ಅಂದಿದ್ದರು. ಒಂದು ಜೇಡವನ್ನು ಡಬ್ಬಿಗೆ ಹಾಕಿಕೊಂಡು ಅವನು ಮನೆಗೆ ಬಂದ.

ಜಾತಿ ಯಾವುದೆಂದು ಅವನಿಗೆ ತಿಳಿದದ್ದು ಹೆಂಡತಿಯಿಂದ. ಹೇಮಲತಾಗೆ ಜೇಡಗಳನ್ನು ಕಂಡರೆ ಅಸಹ್ಯ. ಅಟ್ಟದ ಏಣಿಯ ಕೆಳಗೆ ನಿಂತು ಗಂಡನನ್ನು ಊಟಕ್ಕೆ ಕರೆಯುವಾಗ ತಲೆ ಎತ್ತಿದರೆ, ಡಬ್ಬಿಯ ಗೋಡೆಗೆ ಆ ಜೇಡ ಹೊಟ್ಟೆ ತೋರಿಸಿ ಅಂಟಿಕೊಂಡಿತ್ತು.

“ಇದೇನ್ರೀ, ಇದರ ಹೊಟ್ಟೆಗೆ ಯಾರೋ ಉಡಿದಾರ ಕಟ್ಟಿದಂಗಿದೆ!”

ಇಂದ್ರೇಶ ನೋಡಿದ. ಹೊಟ್ಟೆಯ ಅಡಿಯಲ್ಲಿ ಅಡ್ಡಕ್ಕೆ ತಿಳಿ ಬಣ್ಣದ ಪಟ್ಟೆ. ನಮ್ಮ ನಾಡಿನ ಹಳೆ ಮರಗಳಲ್ಲಿ ಕಾಣಸಿಗುವ ಸಾಮಾನ್ಯ ಜಾತಿಯ ಗುರುತು ಅದು. ಅವನೇ ಗುಂಪಿಗೆ ಸಾವಿರ ಸಲ ಹೇಳಿಕೊಟ್ಟ ಗುರುತು. ಆ ಕ್ಷಣದಲ್ಲೇ ಫೋನ್ ತೆಗೆದು ‘ತಪ್ಪಾಯಿತು’ ಎಂದು ಬರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಡಬ್ಬಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು ಊಟಕ್ಕೆ ಇಳಿದ.

ಅವನು ಸುಮ್ಮನಿದ್ದಷ್ಟು ದಿನ ಕಣಕಟ್ಟೆಗೆ ಜನ ಬಂದರು. ಬೈಕಿನಲ್ಲಿ ಬಂದರು, ಕಾರಿನಲ್ಲಿ ಬಂದರು. ಮನೆಯಲ್ಲಿ ಬೇಲೂರು ಹಳೇಬೀಡು ನೋಡಿಕೊಂಡು ಬರುತ್ತೇವೆಂದು ಹೇಳಿ, ಡಿಕ್ಕಿಯಲ್ಲಿ ಹಾರೆ, ಉಳಿ ಇಟ್ಟುಕೊಂಡು ಬಂದರು. ಪೊಟರೆಯ ಬಾಯಿ ದಿನದಿನಕ್ಕೆ ಅಗಲವಾಯಿತು.

ಒಂದು ದಿನ ಮಾದಮ್ಮ ಬಸ್ಸು ಹತ್ತಿ ಇಂದ್ರೇಶನ ಮಂಡಿಗೆ ಬಂದರು. ಚೀಲದಿಂದ ಒಂದು ತುಂಡು ತೊಗಟೆ ತೆಗೆದು ತಕ್ಕಡಿಯ ಮೇಲಿಟ್ಟರು.

“ತೂಗಿ ಸಾವ್ಕಾರ್ರೇ. ನಿಮ್ ಕಡೆಯೋರು ನನ್ ಮರದಿಂದ ಕಿತ್ತಿದ್ದು.”

“ಅಯ್ಯೋ, ಯಾರಮ್ಮ ಬಂದಿದ್ದು?”

“ಯಾರಂತ ಹೇಳ್ಲಿ? ಎಲ್ರೂ ನಿಮ್ ಹೆಸ್ರೇ ಹೇಳ್ತಾರೆ. ‘ಅಜ್ಜೀ, ಇಂದ್ರೇಶಣ್ಣನ ಕಡೆಯೋರು’ ಅಂತಾನೆ ಒಬ್ಬ. ನಾನ್ ಅಜ್ಜಿಯಂತೆ! ಅವನ ಗಡ್ಡ ನೋಡುದ್ರೆ ನನ್ ದೊಡ್ಡಪ್ಪ ಇದ್ದಂಗವ್ನೆ.” ಮಂಡಿಯ ಹಮಾಲರು ನಕ್ಕರು. ಮಾದಮ್ಮ ನಗಲಿಲ್ಲ. “ಆ ಕೊಂಬೆ ಮುರುದ್ರೆ ಮರ ಇಬ್ಭಾಗ ಆಯ್ತದೆ. ಆ ಮರದ ಹಣ್ಣು ಮಾರೇ ನಾನು ಮನೆ ಉಪ್ಪು, ಎಣ್ಣೆ ನೋಡೋದು. ಏನೈತೆ ಆ ಹುಳದಾಗೆ? ಚಿನ್ನ ಹೇಲ್ತದಾ?”

ಮಂಡಿಯ ಹಿಂದೆಯೇ ಮನೆ. ಒಳಗಿನಿಂದ ಹೇಮಲತಾ ಕೂಗಿದರು, “ಹೇಳ್ರೀ ಅವರಿಗೆ! ಉಡಿದಾರ ನೋಡಿ ಮುಖ ಹುಳ್ಳಗೆ ಮಾಡ್ಕೊಂಡ್ರಲ್ಲ, ಆಗ್ಲೇ ಗೊತ್ತಾಯ್ತು ನಂಗೆ, ಏನೋ ಎಡವಟ್ಟು ಮಾಡ್ಕೊಂಡಿದೀರ ಅಂತ.”

ಹಮಾಲರ ಮುಂದೆ ಮಾನ ಹೋದ ಮೇಲೆ ಇಂದ್ರೇಶ ಗುಂಪಿಗೆ ಬರೆದ. ‘ಕಣಕಟ್ಟೆಯದು ಸಾಮಾನ್ಯ ಜಾತಿ. ನಾನು ಹೊಟ್ಟೆ ನೋಡದೆ ಹೆಸರು ಹೇಳಿದೆ. ದಯವಿಟ್ಟು ಯಾರೂ ಅಲ್ಲಿಗೆ ಹೋಗಬೇಡಿ.’ ಜೊತೆಗೆ ಪಟ್ಟೆಯ ಫೋಟೋ ಕೂಡ ಹಾಕಿದ.

ಉತ್ತರಗಳು ಬಂದವು.

‘ಅಣ್ಣ, ಸೂಪರ್!’

‘ಅರ್ಥ ಆಯ್ತು ಅಣ್ಣ, ಬಾಯಿ ಮುಚ್ಕೊಂಡಿರ್ತೀವಿ.’

‘ಮರಿ ಎಲ್ಲಾ ನಿಮಗೊಬ್ರಿಗೇ ಬೇಕಾ ಅಣ್ಣ?’

ಈ ಜನರಲ್ಲಿ ಒಂದು ರೂಢಿ ಇದೆ. ಒಳ್ಳೆ ಮರ ಸಿಕ್ಕಿದವನು ಅಲ್ಲಿ ಏನೂ ಇಲ್ಲ, ಬರೀ ಸಾಮಾನ್ಯ ಜಾತಿ ಎಂದು ಹೇಳಿ ಬೇರೆಯವರನ್ನು ದೂರ ಇಡುತ್ತಾನೆ. ಅರೇಹಳ್ಳಿ ಕಡೆಯ ಕಾಫಿ ತೋಟವೊಂದರ ನೆರಳಿನ ಮರದ ವಿಷಯದಲ್ಲಿ ಇಂದ್ರೇಶನೇ ಹಾಗೆ ಹೇಳಿ, ಆಮೇಲೆ ಅಲ್ಲಿಯ ಜೇಡದ ಮರಿಗಳನ್ನು ಹಂಚಿ ಮೆರೆದಿದ್ದ. ಆಗ ಸುಳ್ಳು ಹೇಳಿದಾಗ ಚಪ್ಪಾಳೆ ತಟ್ಟಿದವರು ಈಗ ನಿಜ ಹೇಳಿದಾಗ ಕಣ್ಣು ಹೊಡೆದರು. ಕಣಕಟ್ಟೆಗೆ ಬರುವವರು ಇನ್ನೂ ಹೆಚ್ಚಾದರು.

ಮಾದಮ್ಮ ಪತ್ರಿಕೆಗೆ ಹೇಳಿ ಕಳಿಸಿದ್ದರಿಂದ ಕೊನೆಯ ದಿನ ನಾನೂ ಮರದ ಹತ್ತಿರ ಇದ್ದೆ. ಬೆಂಗಳೂರಿನಿಂದ ಶರತ್ಚಂದ್ರ ಎಂಬಾತ ಬಂದಿದ್ದ. ಓದಿದವನು, ಮಾತು ಮೆತ್ತಗೆ, ಕೈಯಲ್ಲಿ ಹಾರೆ. ಇಂದ್ರೇಶ ತನ್ನ ಡಬ್ಬಿ ತಂದು ಅವನ ಮೂಗಿನ ಮುಂದೆ ಹಿಡಿದ.

“ನೋಡು ಮಾರಾಯ, ಪಟ್ಟೆ ಐತಾ ಇಲ್ವಾ?”

“ಇದೆ ಅಣ್ಣ. ಆದ್ರೆ ಇದು ಈ ಮರದ್ದೇ ಅಂತ ಹೆಂಗೆ ನಂಬೋದು? ನಿಮ್ಮ ಅಟ್ಟದಲ್ಲಿ ಇಂಥವು ಬೇಕಾದಷ್ಟಿವೆ.”

“ನಾನ್ಯಾಕೋ ಸುಳ್ಳು ಹೇಳ್ಲಿ?”

“ಕಲಿಸಿದವ್ರೇ ನೀವಲ್ವಾ ಅಣ್ಣ? ಇಲ್ಲೇ ಒಂದು ಹಿಡಿದು ನೋಡಿಬಿಡೋಣ.”

ನಾವು ತಡೆಯುವಷ್ಟರಲ್ಲಿ ಹಾರೆ ಪೊಟರೆಗೆ ಹೋಗಿತ್ತು. ಒಂದೇ ಮೀಟು. ಒಣಬಟ್ಟೆ ಹರಿದಂತೆ ಸದ್ದಾಯಿತು. ದೊಡ್ಡ ಕೊಂಬೆ ಬುಡದಿಂದ ಸೀಳಿ ಒಂದು ಗೇಣು ಕೆಳಗೆ ಜಗ್ಗಿ ನಿಂತಿತು. ಸೀಳಿನಿಂದ ಒಂದು ಜೇಡ ಹೊರಗೆ ಓಡಿ ಬಂತು. ಶರತ್ಚಂದ್ರ ಚಕ್ಕನೆ ಡಬ್ಬಿ ಬೋರಲು ಹಾಕಿ ಮುಚ್ಚಳ ಹಾಕಿದ.

“ಹೊಟ್ಟೆ ನೋಡೋ! ಈಗ ನೋಡೋ!” ಇಂದ್ರೇಶ ಕಿರುಚಿದ.

“ಮನೇಲಿ ನೋಡ್ತೀನಿ ಅಣ್ಣ,” ಎಂದು ಆತ ಕಾರಿನ ಕಡೆ ಓಡಿದ. ಯಾಕೆಂದರೆ ಮಾದಮ್ಮ ಹುಣಸೆ ಬಡಿಯುವ ಗಳ ಹಿಡಿದು ಬರುತ್ತಿದ್ದರು. ಕಾರಿನ ಹಿಂದಿನ ಗಾಜಿಗೆ ಒಂದು ಏಟು ಬಿತ್ತು. ನನಗೆ ಸಂತೋಷವೇ ಆಯಿತು.

ವಾಪಸು ಬಂದ ಮಾದಮ್ಮನವರ ಬಾಯಲ್ಲಿ ‘ಸಾವ್ಕಾರ್ರೇ’ ಇರಲಿಲ್ಲ.

“ನೋಡ್ದೇನ್ಲಾ? ನಿನ್ ಸತ್ಯ ನೋಡಾಕೂ ನನ್ ಮರನೇ ಸೀಳ್ಬೇಕಾ? ಕೆರೆ ಮಣ್ಣು ತತ್ತೀನಿ. ಕಲ್ಲು ಜಡಿದು, ಮಣ್ಣು ಮೆತ್ತಿ, ಈ ತೂತು ಮುಚ್ತೀನಿ. ಹುಳ ಇಲ್ದಿದ್ರೆ ಯಾವ ನಾಯೀನೂ ಬರಾಕಿಲ್ಲ.”

“ಒಳಗೆ ಮರಿ ಇವೆ ಮಾದಮ್ಮ. ಎಲ್ಲಾ ಸಾಯ್ತವೆ.”

“ಮರ ಸತ್ರೆ?”

ನಾನು ಇಂದ್ರೇಶನನ್ನು ಪಕ್ಕಕ್ಕೆ ಕರೆದೆ. ಅರಣ್ಯ ಇಲಾಖೆಗೆ ಫೋನ್ ಮಾಡು, ನಿನ್ನ ಅಟ್ಟದಲ್ಲಿರುವುದನ್ನೂ ಒಪ್ಪಿಸು, ನೀನೇ ಸಿಕ್ಕಿಬಿದ್ದೆ ಎಂದು ಗೊತ್ತಾದರೆ ಈ ಗುಂಪು ಹೆದರಿ ಚದುರುತ್ತದೆ, ಮರವೂ ಉಳಿಯುತ್ತದೆ, ಜೇಡವೂ ಉಳಿಯುತ್ತದೆ ಎಂದೆ. ಅದನ್ನು ಕೇಳಿಸಿಕೊಂಡ ಮಾದಮ್ಮನವರಿಗೆ ಇಲಾಖೆಯ ಮಾತೇ ಹಿಡಿಸಲಿಲ್ಲ. “ಅವರು ಬಂದು ನಾನೇ ಮರ ಮುಟ್ಬಾರ್ದು ಅಂದ್ರೆ?” ಅಂದರು. ಆದರೂ ಇಂದ್ರೇಶನ ಮುಖ ನೋಡುತ್ತ, “ಮಾಡ್ತೀಯಾ? ಮಾಡಂಗಿದ್ರೆ ಮಾಡು, ಕಾಯ್ತೀನಿ,” ಎಂದು ಬದುವಿನ ಮೇಲೆ ಕೂತರು.

ಇಂದ್ರೇಶ ಫೋನ್ ಕೈಗೆ ತಗೊಂಡ. ಅವನ ಹೆಬ್ಬೆರಳು ಪರದೆಯ ಮೇಲೆ ಅಲುಗಿತು. ಆಮೇಲೆ ಫೋನನ್ನು ಜೇಬಿಗೆ ಹಾಕಿ, ಪ್ಯಾಂಟು ಮೊಣಕಾಲಿಗೆ ಮಡಚಿ, “ಮಣ್ಣು ಎಲ್ಲಿಂದ ತರ್ಲಿ?” ಅಂದ.

ಮಣ್ಣು ತುಳಿದ. ಕಲ್ಲು ಹೊತ್ತ. ಮಾದಮ್ಮ ಕಲ್ಲು ಜೋಡಿಸುತ್ತ ಹೋದಂತೆ ಸಂದಿಗಳಿಗೆ ಇವನೇ ಕೈಯಾರೆ ಮಣ್ಣು ಮೆತ್ತಿದ. ಒಂದು ಸಲ ಒಳಗಿನಿಂದ ಒಂದು ಕಾಲು ಹೊರಗೆ ಬಂತು. ಅವನು ಕೈ ಹಿಂದೆ ತೆಗೆದ. ಮಾದಮ್ಮ ಅವನನ್ನೇ ನೋಡಿದರು. ಮತ್ತೆ ಮೆತ್ತಿದ. ಅತ್ತ ಕೂಡ. ಆ ಕಣ್ಣೀರು ಕಂಡು ನನ್ನ ಮನಸ್ಸು ಕರಗಿತೆಂದು ಬರೆದರೆ ಸುಳ್ಳಾಗುತ್ತದೆ. ಒಂದು ಫೋನ್ ಕರೆಗಿಂತ ಕೊಲ್ಲುವುದು ಸುಲಭ ಎನಿಸಿದವನ ಅಳು ಅದು.

ಸೀಳಿದ ಕೊಂಬೆಗೆ ಅಡಿಯಿಂದ ಊರುಗೋಲು ಕೊಟ್ಟಿದ್ದಾರೆ, ಬುಡಕ್ಕೆ ಹಗ್ಗ ಬಿಗಿದಿದ್ದಾರೆ. ಚಿಗುರಿದೆ. ಮರ ಉಳಿಯುತ್ತದೆ ಅನ್ನುತ್ತಾರೆ ಮಾದಮ್ಮ. ಮುಚ್ಚಿದ ಪೊಟರೆಯ ಫೋಟೋ ಗುಂಪಿಗೆ ಹೋದ ಮೇಲೆ ಯಾರೂ ಬಂದಿಲ್ಲ. ಆದರೆ ತಪ್ಪು ಹೆಸರು ಮಾತ್ರ ಸಾಯಲಿಲ್ಲ. ರಾಮೇಶ್ವರದ ಜಾತಿ ಕಣಕಟ್ಟೆಯಲ್ಲಿ ನಾಶವಾಯಿತು ಎಂದು ಅವರೆಲ್ಲ ಶೋಕಿಸಿದರಂತೆ. ಶರತ್ಚಂದ್ರ ತನ್ನ ಡಬ್ಬಿಗೆ ಅದೇ ಹೆಸರಿನ ಚೀಟಿ ಅಂಟಿಸಿ, ‘ಕೊನೆಯದು ನನ್ನ ಬಳಿ ಇದೆ, ಕಂಡುಹಿಡಿದ ಕೀರ್ತಿ ಇಂದ್ರೇಶಣ್ಣನದು’ ಎಂದು ಬರೆದಿದ್ದಾನೆ.

ಇದನ್ನು ಬರೆಯುತ್ತಿದ್ದೇನೆಂದು ತಿಳಿದು ಇಂದ್ರೇಶ ನನ್ನನ್ನು ಹುಡುಕಿಕೊಂಡು ಬಂದ. ಹೆಸರು ಹಾಕಬೇಡಿ ಎಂದು ಕೇಳುತ್ತಾನೆಂದುಕೊಂಡೆ. ಅವನ ಅಟ್ಟದ ವಿಷಯ ಅರಣ್ಯ ಇಲಾಖೆಗೆ ನಾನೇ ದೂರು ಕೊಟ್ಟಾಗಿದೆ ಎಂದು ಹೇಳಿದೆ. ಅದಕ್ಕೂ ಅವನು ಆಗಲಿ ಎಂದು ತಲೆಯಾಡಿಸಿದ.

“ನನ್ನ ಹೆಸರು ಹಾಕಿ ಸಾರ್, ಬೈದು ಬರೀರಿ. ಒಂದು ಮಾತ್ರ ಬೇಡ. ಅದು ಸಾಮಾನ್ಯ ಜಾತಿ ಅಂತ ಬರೀಬೇಡಿ. ಹೆಂಗೂ ಯಾರೂ ನಂಬಲ್ಲ. ಈಗ ಅವ್ರೆಲ್ಲಾ ಅಷ್ಟೊಂದು ಗೌರವ ಇಟ್ಕೊಂಡಿದಾರೆ…”

ಸಾಮಾನ್ಯ ಜಾತಿ. ಹೊಟ್ಟೆಯ ಅಡಿಯಲ್ಲಿ ಅಡ್ಡ ಪಟ್ಟೆ. ನಿಮ್ಮೂರ ಹಳೆ ಮರದಲ್ಲೂ ಇದ್ದೀತು. ಇದ್ದರೆ, ಯಾರಿಗೂ ಹೇಳಬೇಡಿ.